ಪ್ಯಾರಿಸ್‌ನವರು ಮುಖ ತಿರುಗಿಸುತ್ತಾರಂತೆ, ಸ್ವಿಸ್‌ನವರು ಗದರುತ್ತಾರಂತೆ: ಹೋಗಬೇಕೋ ಬೇಡವೋ?

ಓದುಗರ ಪ್ರಶ್ನೆ: ನಾನು ಮಂಡ್ಯದಲ್ಲಿ ಪಿಯು ಕಾಲೇಜಿನ ಉಪನ್ಯಾಸಕನಾಗಿದ್ದು ನಿವೃತ್ತನಾದವನು, ವಯಸ್ಸು 62. ಮನೆಯವರಿಗೆ 57. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ ಆರು ರಾತ್ರಿ ಕಳೆಯಬೇಕೆನ್ನುವುದು ನಮ್ಮಿಬ್ಬರ ಬಹುಕಾಲದ ಆಸೆ. ಮುಂದಿನ ಮೇ ತಿಂಗಳಿಗೆ ಹೊರಡೋಣವೆಂದು ದುಡ್ಡು ಕೂಡಿಟ್ಟಿದ್ದೇವೆ. ಆದರೆ ಹೋಗಿಬಂದ ನೆಂಟರೊಬ್ಬರು ‘ಪ್ಯಾರಿಸ್‌ನವರು ಇಂಗ್ಲಿಷ್‌ನಲ್ಲಿ ಕೇಳಿದರೆ ಮುಖ ತಿರುಗಿಸುತ್ತಾರೆ, ಹೋಟೆಲಿನ ಮಾಣಿ ಕರೆದರೂ ಬರುವುದಿಲ್ಲ’ ಎಂದರು. ಸ್ವಿಟ್ಜರ್ಲೆಂಡ್‌ನ ಹೋಟೆಲೊಂದರಲ್ಲಿ ‘ಭಾರತೀಯರಿಗೆ ಸೂಚನೆ’ ಎಂದು ಬೋರ್ಡ್ ಹಾಕಿದ್ದರಂತೆ. ಪ್ರವಾಸಿಗರ ಮೇಲೆ ಊರಿನವರು ನೀರು ಹಾರಿಸುವ ವಿಡಿಯೊ ಕುಟುಂಬದ ಗ್ರೂಪಿಗೆ ಬಂದಿದೆ. ನಾವು ಶುದ್ಧ ಸಸ್ಯಾಹಾರಿಗಳು, ಮನೆಯವರು ಸೀರೆ ಬಿಟ್ಟು ಬೇರೆ ಉಡುವವರಲ್ಲ. ಮಗ ‘10 ದಿನ, 5 ದೇಶ’ ಎನ್ನುವ ಗ್ರೂಪ್ ಟೂರ್ ಸಾಕು ಎನ್ನುತ್ತಾನೆ. ‘ದುಡ್ಡು ಕೊಟ್ಟು ಅವಮಾನ ಮಾಡಿಸಿಕೊಳ್ಳಬೇಕಾ?’ ಎನ್ನುವುದು ಮನೆಯವರ ಪ್ರಶ್ನೆ. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಂಗಡಿಯವರು, ಮಾಣಿಗಳು ಸರಿಯಾಗಿ ಮಾತಾಡಿಸುವುದಿಲ್ಲ ಎನ್ನುವುದು ಒಂದು. ಊರಿನವರಿಗೆ ಪ್ರವಾಸಿಗರೇ ಬೇಡವಾಗಿದ್ದಾರೆ ಎನ್ನುವುದು ಇನ್ನೊಂದು. ಭಾರತೀಯರನ್ನು ಕೀಳಾಗಿ ಕಾಣುತ್ತಾರೆ ಎನ್ನುವುದು ಮೂರನೆಯದು. ಕೇಳುವಾಗ ಮೂರೂ ಒಂದೇ ಅನ್ನಿಸಿದರೂ ಇವುಗಳ ಬೇರುಗಳು ಬೇರೆ ಬೇರೆ. ಮೊದಲನೆಯದು ಬಹುಪಾಲು ರೂಢಿಯ ವ್ಯತ್ಯಾಸ, ಹೊರಡುವ ಮೊದಲೇ ಕಲಿತುಕೊಳ್ಳಬಹುದು. ಎರಡನೆಯದು ನೀವು ಯಾವ ತಿಂಗಳಲ್ಲಿ ಹೋಗುತ್ತೀರಿ, ಯಾವ ಬಡಾವಣೆಯಲ್ಲಿ ಉಳಿಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಮೂರನೆಯದು ಕೆಲವೊಮ್ಮೆ ನಿಜ, ಅದನ್ನು ಮುಚ್ಚಿಡುವುದಿಲ್ಲ. ಒಟ್ಟಿನಲ್ಲಿ ಹೋಗಿಬನ್ನಿ ಎನ್ನುವುದೇ ನನ್ನ ಸಲಹೆ. ಆದರೆ ಮೇ ತಿಂಗಳಲ್ಲಿ ಬೇಡ, ಐದು ದೇಶದ ಆ ಪ್ಯಾಕೇಜೂ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಪ್ಯಾರಿಸ್‌ನ ‘ಸಿಡುಕು’

ಫ್ರಾನ್ಸ್‌ನಲ್ಲಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ, ಏನನ್ನೂ ಕೇಳುವ ಮುಂಚೆ, ‘ಬೊಂಝೂರ್ ಮದಾಮ್’ ಅಥವಾ ‘ಬೊಂಝೂರ್ ಮೊಸ್ಯೂ’, ಅಂದರೆ ನಮಸ್ಕಾರ ಅಮ್ಮ, ನಮಸ್ಕಾರ ಸ್ವಾಮಿ, ಎನ್ನಬೇಕು. ಬೇಕರಿಯಲ್ಲಿ, ಔಷಧಿ ಅಂಗಡಿಯಲ್ಲಿ, ಬಸ್ ಹತ್ತುವಾಗ ಡ್ರೈವರಿಗೆ, ಹೋಟೆಲಿನ ಲಿಫ್ಟಿನಲ್ಲಿ ಎದುರಾದವರಿಗೆ, ಎಲ್ಲ ಕಡೆಯೂ ಇದೇ. ಸಂಜೆಯ ಮೇಲೆ ‘ಬೊಂಸ್ವಾರ್’. ಹೊರಡುವಾಗ, ಏನೂ ಕೊಳ್ಳದಿದ್ದರೂ, ‘ಮೆರ್ಸಿ, ಒ ರ್ವಾರ್’, ಅಂದರೆ ಧನ್ಯವಾದ, ಹೋಗಿಬರುತ್ತೇನೆ. ಇಷ್ಟನ್ನು ಹೇಳದೆ ನೇರವಾಗಿ ‘ಎಕ್ಸ್‌ಕ್ಯೂಸ್ ಮಿ, ಹೌ ಮಚ್’ ಎಂದು ಶುರುಮಾಡಿದರೆ ಅವರ ಲೆಕ್ಕದಲ್ಲಿ ನೀವು ಎದುರಿಗಿರುವ ಮನುಷ್ಯನನ್ನೇ ಗಮನಿಸಲಿಲ್ಲ. ಮುಖ ಬಿಗಿಯುವುದು ಅಲ್ಲಿಂದ. ನಾವು ಎಕ್ಸ್‌ಕ್ಯೂಸ್ ಮಿ ಅಂದದ್ದೇ ವಿನಯ ಎಂದುಕೊಂಡಿರುತ್ತೇವೆ, ಅವರಿಗೆ ಅದು ಒರಟು.

ಮಂಡ್ಯದವರಾದ ನಿಮಗೆ ಇದು ಹೊಸದಲ್ಲ. ಸಂತೆಯಲ್ಲಿ ‘ಏನ್ಲಾ, ಯಾವಾಗ್ ಬಂದೆ?’ ಎಂದರೆ ನಿಮಗೆ ಅಕ್ಕರೆ ಕೇಳಿಸುತ್ತದೆ, ಮಂಗಳೂರಿನಿಂದ ಬಂದವರಿಗೆ ಏಕವಚನ ಮಾತ್ರ ಕೇಳಿಸುತ್ತದೆ. ‘ಮಂಡ್ಯದವರು ಒರಟು’ ಎನ್ನುವ ಮಾತು ಎಷ್ಟು ನಿಜವೋ ‘ಪ್ಯಾರಿಸ್‌ನವರು ಸೊಕ್ಕಿನವರು’ ಎನ್ನುವುದೂ ಅಷ್ಟೇ ನಿಜ.

ಇಂಗ್ಲಿಷ್ ವಿಷಯಕ್ಕೆ ಬಂದರೆ, ಕೇಳುವ ಕ್ರಮ ಮುಖ್ಯ. ಮೊದಲು ಬೊಂಝೂರ್. ಅವರು ತಿರುಗಿ ಹೇಳುವವರೆಗೆ ಒಂದು ಕ್ಷಣ ಕಾಯಿರಿ. ಆಮೇಲೆ ‘ಪಾರ್ಲೇ ವೂ ಆಂಗ್ಲೇ?’ ಎಂದು ಕೇಳಿ, ಅಂದರೆ ನಿಮಗೆ ಇಂಗ್ಲಿಷ್ ಬರುತ್ತದೆಯೇ ಎಂದು. ಪ್ಯಾರಿಸ್‌ನ ಅಂಗಡಿ, ಮ್ಯೂಸಿಯಂ, ಹೋಟೆಲುಗಳಲ್ಲಿ ಕೆಲಸ ಮಾಡುವ ಯುವಕರಿಗೆಲ್ಲ ಸಾಕಷ್ಟು ಇಂಗ್ಲಿಷ್ ಬರುತ್ತದೆ. ವಯಸ್ಸಾದವರು ಹಲವರು ಹಿಂಜರಿಯುತ್ತಾರೆ. ತಪ್ಪು ಇಂಗ್ಲಿಷ್ ಆಡಿ ನಗೆಗೀಡಾಗುವ ಅಂಜಿಕೆ ನಮ್ಮಲ್ಲಿರುವ ಹಾಗೆ ಅವರಲ್ಲೂ ಇದೆ. ಆ ಮೌನವನ್ನು ತಿರಸ್ಕಾರವೆಂದು ಓದಬೇಡಿ, ಫೋನಿನ ಅನುವಾದದ ಆ್ಯಪ್ ತೆಗೆದು ಬರೆದು ತೋರಿಸಿ. ಆಫ್‌ಲೈನ್ ಫ್ರೆಂಚ್ ಮತ್ತು ಜರ್ಮನ್ ಫೈಲುಗಳನ್ನು ಊರಿನಲ್ಲೇ ಇಳಿಸಿಕೊಂಡು ಹೋಗಿ.

ಮಾಣಿ ಕರೆದರೂ ಬರುವುದಿಲ್ಲ ಎನ್ನುವ ದೂರು ಅತಿ ಹೆಚ್ಚು ಕೇಳಿಬರುವುದು. ನಮ್ಮ ದರ್ಶಿನಿಯಲ್ಲಿ ಟೇಬಲ್ ಬೇಗ ಖಾಲಿಯಾಗಬೇಕು. ಫ್ರಾನ್ಸ್‌ನಲ್ಲಿ ಒಮ್ಮೆ ಕೂತ ಮೇಲೆ ಆ ಟೇಬಲ್ ನಿಮ್ಮದು, ಒಂದು ಕಾಫಿಗೆ ಒಂದು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಎಂದ ಹಾಗಾಗುತ್ತದೆ, ಆದ್ದರಿಂದ ತರುವುದಿಲ್ಲ. ಬಿಲ್ ಬೇಕೆಂದರೆ ಕಣ್ಣು ಕೂಡಿಸಿ ‘ಲಾದಿಸ್ಯೋಂ, ಸಿಲ್ ವು ಪ್ಲೇ’ ಎನ್ನಬೇಕು. ಚಿಟಿಕೆ ಹಾಕಿ, ಕೈ ಬೀಸಿ ಕರೆದರೆ ಬೇಕೆಂದೇ ತಡಮಾಡುತ್ತಾರೆ. ಸೇವಾ ಶುಲ್ಕ ದರದಲ್ಲೇ ಸೇರಿರುವುದರಿಂದ ಟಿಪ್ಸ್‌ಗಾಗಿ ನಗುವ ಅಗತ್ಯ ಅಲ್ಲಿನ ಮಾಣಿಗಿಲ್ಲ. ಅಮೆರಿಕದಿಂದ ಬಂದವರಿಗೆ ಅವರು ಬಿರುಸಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಟಿಪ್ಸ್ ಕೊಡಲೇಬೇಕೆಂದಿಲ್ಲ, ಖುಷಿಯಾದರೆ ಚಿಲ್ಲರೆ ಬಿಟ್ಟು ಬನ್ನಿ.

ಇನ್ನು ಹೊತ್ತು. ಮಧ್ಯಾಹ್ನದ ಊಟ 12ರಿಂದ 2, ರಾತ್ರಿಯದು 7 ಅಥವಾ 7.30ರ ಮೇಲೆ. ನಡುವೆ ಹೆಚ್ಚಿನ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಲೂವ್ರ್ ಮ್ಯೂಸಿಯಂ ನೋಡಿ ಮೂರೂವರೆಗೆ ಹಸಿದು ಹೋದವರಿಗೆ ‘ಇಲ್ಲ’ ಎಂದಾಗ ನಮ್ಮನ್ನು ನೋಡಿಯೇ ಇಲ್ಲ ಎಂದರು ಅನ್ನಿಸುತ್ತದೆ. ಪಕ್ಕದ ಮನೆಯ ಫ್ರೆಂಚ್ ಅಜ್ಜಿ ಹೋಗಿದ್ದರೂ ಅದೇ ಉತ್ತರ. ಆ ಹೊತ್ತಿಗೆ ಬೇಕರಿ ಇದೆ, ಬಾಗಿಲಲ್ಲಿ ‘ಸರ್ವಿಸ್ ಕೊಂತಿನ್ಯು’ (ಎಡೆಬಿಡದ ಸೇವೆ) ಎಂದು ಬರೆದ ಬ್ರಾಸರಿ ಎಂಬ ಊಟದ ಹೋಟೆಲುಗಳಿವೆ. ನೀರು ಕೇಳುವಾಗ ‘ಯೂನ್ ಕರಾಫ್ ದೋ’ ಎನ್ನಿ, ಊಟದ ಜೊತೆಗೆ ನಲ್ಲಿ ನೀರಿನ ಹೂಜಿ ಪುಕ್ಕಟೆ ಕೊಡಲೇಬೇಕು. ಬರೇ ‘ವಾಟರ್’ ಎಂದರೆ ಬಾಟಲಿ ಬರುತ್ತದೆ, ಬಿಲ್ಲಿಗೂ ಸೇರುತ್ತದೆ. ಕೆಫೆಯಲ್ಲಿ ಕೌಂಟರ್ ಮುಂದೆ ನಿಂತು ಕುಡಿಯುವ ಕಾಫಿಗೆ ಒಂದು ದರ, ಹೊರಗಿನ ಕುರ್ಚಿಯಲ್ಲಿ ಕೂತು ಕುಡಿಯುವುದಕ್ಕೆ ಅದಕ್ಕಿಂತ ಹೆಚ್ಚು ದರ ಇರುವುದು ಸಾಮಾನ್ಯ. ದರಪಟ್ಟಿಯಲ್ಲಿ ಬರೆದಿರುತ್ತಾರೆ. ವಿದೇಶಿಯರೆಂದು ಸುಲಿದರು ಎನ್ನುವ ಎಷ್ಟೋ ಕಥೆಗಳ ಮೂಲ ಈ ಪಟ್ಟಿಯನ್ನು ಓದದಿರುವುದು.

ನಿಜವಾಗಿ ಹೆಚ್ಚು ದರ ಕೊಡಬೇಕಾದದ್ದೂ ಇದೆ. 2026ರ ಜನವರಿಯಿಂದ ಲೂವ್ರ್ ಮ್ಯೂಸಿಯಂ ಯುರೋಪಿನ ಹೊರಗಿನವರಿಗೆ 32 ಯೂರೊ ಟಿಕೆಟ್ ಮಾಡಿದೆ, ಯುರೋಪಿನವರಿಗೆ 22. ಇದಕ್ಕೆ ಮುನಿಯುವ ಮುಂಚೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಟಿಕೆಟ್ ಕಿಟಕಿ ನೆನೆಯಿರಿ. ಅಲ್ಲಿ ವಿದೇಶಿಯರಿಂದ ನಾವು ಪಡೆಯುವುದು ನಮ್ಮ ದರದ ಹತ್ತು ಪಟ್ಟಿಗೂ ಹೆಚ್ಚು. ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೇ ಮ್ಯೂಸಿಯಂಗೆ ಸೋಮವಾರ. ನಾಲ್ಕೇ ದಿನದ ಪ್ಯಾರಿಸ್‌ಗೆ ಇದನ್ನು ನೋಡಿಯೇ ದಿನ ಗೊತ್ತುಮಾಡಿ.

ಒರಟುತನದ ಅನುಭವ ಗಟ್ಟಿಯಾಗಿ ಆಗುವ ಒಂದು ಜಾಗ ಮೆಟ್ರೊ. ತಪಾಸಣೆಯವರು ಗುಂಪಾಗಿ ನಿಂತು ಟಿಕೆಟ್ ಕೇಳುತ್ತಾರೆ. ‘ಗೊತ್ತಿರಲಿಲ್ಲ, ಪ್ರವಾಸಿಗರು’ ಎಂದರೆ ಕೇಳುವುದಿಲ್ಲ, ಸ್ಥಳದಲ್ಲೇ ದಂಡ. ಆಗುವ ತಪ್ಪುಗಳು ಹೆಚ್ಚೂ ಕಡಿಮೆ ಎರಡೇ. ಒಂದು, ಒಳಬಂದ ಮೇಲೆ ಟಿಕೆಟ್ ಅಥವಾ ಕಾರ್ಡ್ ಕಳೆದುಕೊಳ್ಳುವುದು. ಇಳಿದು ಹೊರಬಾಗಿಲು ದಾಟುವವರೆಗೂ ಅದು ಕೈಯಲ್ಲಿರಬೇಕು. ಇನ್ನೊಂದು, ಊರೊಳಗಿನ ಮಾಮೂಲಿ ಟಿಕೆಟಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವುದು. ವಿಮಾನ ನಿಲ್ದಾಣದ ರೈಲಿಗೆ ಬೇರೆ, ದುಬಾರಿ ಟಿಕೆಟ್ ಇದೆ. ಹಾಗೆಯೇ ಒಂದು ಟಿಕೆಟ್ ಅಥವಾ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ, ಇಬ್ಬರಿಗೂ ಬೇರೆ ಬೇರೆ ಬೇಕು. ನಿಮ್ಮ ವಯಸ್ಸಿಗೆ, ಸಾಮಾನಿನ ಜೊತೆ, ಮೊದಲ ದಿನ ಟ್ಯಾಕ್ಸಿಯೇ ಹಿತ. ಶಾರ್ಲ್ ದ ಗೋಲ್ ನಿಲ್ದಾಣದಿಂದ ನಗರಕ್ಕೆ ಟ್ಯಾಕ್ಸಿ ದರ ಸರ್ಕಾರವೇ ನಿಗದಿ ಮಾಡಿದ್ದು: 2025ರಲ್ಲಿ ಸೇನ್ ನದಿಯ ಬಲದಂಡೆಗೆ 56 ಯೂರೊ, ಎಡದಂಡೆಗೆ 65. ಸಾಲಿನಲ್ಲಿ ನಿಂತ ಅಧಿಕೃತ ಟ್ಯಾಕ್ಸಿಯನ್ನೇ ಹತ್ತಿ. ಒಳಗೆ ಹಾಲ್‌ನಲ್ಲೇ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುವವರ ಹಿಂದೆ ಹೋಗಬೇಡಿ.

ಸ್ವಿಸ್‌ನವರ ಗದರಿಕೆ ಮತ್ತು ಆ ಬೋರ್ಡ್

ನಿಮ್ಮ ನೆಂಟರು ಹೇಳಿದ ಬೋರ್ಡ್ ಸುಳ್ಳಲ್ಲ. 2019ರ ಜುಲೈನಲ್ಲಿ ಗ್‌ಸ್ಟಾಡ್ ಎಂಬ ಊರಿನ ಹೋಟೆಲೊಂದರ ಸೂಚನಾಪತ್ರ ಭಾರತದಲ್ಲಿ ಸುದ್ದಿಯಾಯಿತು. ಬೆಳಗಿನ ಬಫೆಯಿಂದ ತಿಂಡಿ ಕಟ್ಟಿಕೊಂಡು ಹೋಗಬೇಡಿ, ಬಡಿಸಲು ಇಟ್ಟಿರುವ ಸೌಟನ್ನೇ ಬಳಸಿ, ಕಾರಿಡಾರಿನಲ್ಲಿ ಗಟ್ಟಿಯಾಗಿ ಮಾತಾಡಬೇಡಿ ಎನ್ನುವುದು ಅದರ ಸಾರ. ಇವು ಯುರೋಪಿನ ಯಾವ ಹೋಟೆಲಿನಲ್ಲೂ ಯಾವ ದೇಶದವರಿಗೂ ಅನ್ವಯಿಸುವ ಮಾತುಗಳೇ. ಆದರೆ ಅದನ್ನು ‘ಭಾರತದ ಅತಿಥಿಗಳಿಗೆ’ ಎಂದು ಹೆಸರಿಟ್ಟು ಬರೆದದ್ದು ತಪ್ಪು, ಅದಕ್ಕೆ ನಾವು ನೊಂದುಕೊಂಡದ್ದು ನ್ಯಾಯ. ಒಂದು ಹೋಟೆಲಿನ ಈ ತಪ್ಪನ್ನು ಇಡೀ ದೇಶಕ್ಕೆ ಹಚ್ಚುವುದು ಮಾತ್ರ ಸರಿಯಲ್ಲ. ಇಂಟರ್‌ಲಾಕನ್ ಊರಿನವರು 2016ರಲ್ಲಿ ಹಿಂದಿ ಚಿತ್ರ ನಿರ್ದೇಶಕ ಯಶ್ ಚೋಪ್ರಾ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಭಾರತೀಯರು ಬರಲಿ ಎಂದು ದುಡ್ಡು ಸುರಿಯುವ ದೇಶ ಅದು. ನಿಮ್ಮ ಮನೆಯವರ ಸೀರೆಯನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹಿಮದ ಮೇಲೆ ನಡೆಯುವಾಗ ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಕಾಲಿಗೆ ಹಿಡಿತವಿರುವ ಶೂ ಇದ್ದರೆ ಆಯಿತು.

ಗದರಿಕೆಯ ನಿಜವಾದ ಕಾರಣಗಳು ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಭಾನುವಾರ ಇಡೀ ದಿನ, ಸದ್ದು ಮಾಡಬಾರದು ಎನ್ನುವುದು ಅಲ್ಲಿ ಬರೀ ಸಭ್ಯತೆಯಲ್ಲ, ಸ್ಥಳೀಯ ನಿಯಮವೂ ಹೌದು. ಸಂಜೆ ಬಾಲ್ಕನಿಯಲ್ಲಿ ನಿಂತು ಊರಿಗೆ ವಿಡಿಯೊ ಕಾಲ್ ಮಾಡಿ ಸ್ಪೀಕರ್ ಹಾಕಿದರೆ ಪಕ್ಕದವರು ಕಿಟಕಿ ತೆರೆದು ಹೇಳಿಯೇ ಹೇಳುತ್ತಾರೆ. ರೈಲಿನಲ್ಲೂ ಅಷ್ಟೇ. ಒಂದು ಜೊತೆ ಇಯರ್‌ಫೋನ್ ಈ ಅವಮಾನದ ಅರ್ಧ ಭಾಗವನ್ನು ತಪ್ಪಿಸುತ್ತದೆ.

ಇನ್ನೊಂದು, ಹಸಿರು ಹುಲ್ಲುಗಾವಲು. ನಮ್ಮ ಸಿನಿಮಾ ಹಾಡುಗಳು ಆ ಇಳಿಜಾರಿನಲ್ಲಿ ಓಡುವುದನ್ನು ಕಲಿಸಿಬಿಟ್ಟಿವೆ. ಬೇಲಿಯಿಲ್ಲದ ಆ ಹುಲ್ಲು ಪಾಳುಭೂಮಿಯಲ್ಲ, ರೈತ ಬೆಳೆದ ಮೇವು. ವಸಂತದಿಂದ ಶರತ್ಕಾಲದವರೆಗೆ ಹಲವು ಸಲ ಕೊಯ್ದು ಒಣಗಿಸಿ ಚಳಿಗಾಲಕ್ಕೆ ದನಗಳಿಗೆ ಕೂಡಿಡುತ್ತಾರೆ. ತುಳಿದು ಮಲಗಿದ ಹುಲ್ಲನ್ನು ಕೊಯ್ಯುವ ಯಂತ್ರ ಸರಿಯಾಗಿ ಎತ್ತುವುದಿಲ್ಲ. ಫೋಟೊಗಾಗಿ ಇಳಿದವರನ್ನು ಕಂಡು ರೈತ ಕೂಗುವುದು ಅದಕ್ಕೆ, ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳದಿ ಫಲಕದ ಕಾಲುದಾರಿ ಬಿಟ್ಟು ಇಳಿಯಬೇಡಿ. ಕರು ಜೊತೆಗಿರುವ ಹಸುವಿನ ಹತ್ತಿರವಂತೂ ಮುದ್ದು ಮಾಡಲು ಹೋಗಲೇಬೇಡಿ, ಅವು ಹಾಯುತ್ತವೆ. ದಾರಿಯಲ್ಲಿ ಎದುರಾದವರಿಗೆ ‘ಗ್ರೂಏತ್ಸಿ’ ಎಂದರೆ ನಗುಮುಖದ ಉತ್ತರ ಖಂಡಿತ. ಬರ್ನ್, ಇಂಟರ್‌ಲಾಕನ್ ಕಡೆ ‘ಗ್ರೂಏಸ್ಸೆಖ್’ ಎನ್ನುತ್ತಾರೆ, ಜಿನೀವಾ ಕಡೆ ಬೊಂಝೂರ್ ಸಾಕು. ಮಕ್ಕಳ ಕೆನ್ನೆ ಹಿಂಡುವುದು, ಕೇಳದೆ ಅವರ ಫೋಟೊ ತೆಗೆಯುವುದು ನಮ್ಮಲ್ಲಿ ಪ್ರೀತಿ. ಅಲ್ಲಿ ತಾಯಂದಿರು ಗಾಬರಿಯಾಗುತ್ತಾರೆ.

ನೀರು ಹಾರಿಸಿದವರ ಸಿಟ್ಟು ಯಾರ ಮೇಲೆ?

ಆ ವಿಡಿಯೊ ಬಹುಶಃ ಸ್ಪೇನ್‌ನ ಬಾರ್ಸಿಲೋನಾದ್ದು, 2024ರ ಜುಲೈ 6ರ ಮೆರವಣಿಗೆಯದು. ಹೊರಗೆ ಊಟಕ್ಕೆ ಕೂತವರ ಮೇಲೆ ಕೆಲವರು ಆಟದ ಪಿಚಕಾರಿಯಿಂದ ನೀರು ಹಾರಿಸಿದರು. ಅಲ್ಲಿ ಕೂತವರು ಯಾವ ದೇಶದವರು, ಯಾವ ಬಣ್ಣದವರು ಎಂದು ನೋಡಿ ಹಾರಿಸಿದ್ದಲ್ಲ. ಮನೆಗಳೆಲ್ಲ ಪ್ರವಾಸಿಗರಿಗೆ ದಿನಬಾಡಿಗೆಗೆ ಹೋಗಿ, ಊರಿನವರಿಗೆ ತಿಂಗಳ ಬಾಡಿಗೆಗೆ ಮನೆಯೇ ಸಿಗದಂತಾಗಿದೆ ಎನ್ನುವುದು ಅವರ ಸಂಕಟ. ಅದನ್ನು ನಗರಾಡಳಿತವೂ ಒಪ್ಪಿದೆ. ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗಾಣಿಸುವುದಾಗಿ ಮೇಯರ್ ಪ್ರಕಟಿಸಿದ್ದಾರೆ.

ಇದೇ ಒತ್ತಡ ಬೇರೆ ಬೇರೆ ರೂಪದಲ್ಲಿ ಎಲ್ಲ ಕಡೆ ಇದೆ. ವೆನಿಸ್‌ನ ಹಳೆಯ ನಗರದಲ್ಲಿ ಖಾಯಂ ನಿವಾಸಿಗಳು 50,000ಕ್ಕಿಂತ ಕೆಳಗಿಳಿದಿದ್ದಾರೆ. 2024ರ ಏಪ್ರಿಲ್ 25ರಿಂದ ಜನದಟ್ಟಣೆಯ ದಿನಗಳಲ್ಲಿ ಹಗಲಿಗೆ ಬಂದುಹೋಗುವವರಿಂದ ಪ್ರವೇಶ ಶುಲ್ಕ ವಸೂಲು ಮಾಡುತ್ತಾರೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಇರುವವರು ಏಳುನೂರು ಚಿಲ್ಲರೆ ಜನ. 2023ರಲ್ಲಿ ಸೆಲ್ಫಿ ಜಾಗಕ್ಕೆ ಅಡ್ಡವಾಗಿ ಮರದ ಹಲಗೆ ನಿಲ್ಲಿಸಿ, ಗಲಾಟೆಯಾದ ಮೇಲೆ ತೆಗೆದರು. ಸ್ವಿಟ್ಜರ್ಲೆಂಡ್‌ನ ಇಸೆಲ್ಟ್‌ವಾಲ್ಡ್ ಎಂಬ ಪುಟ್ಟ ಹಳ್ಳಿಯ ಸರೋವರದ ಕಟ್ಟೆ ಒಂದು ಕೊರಿಯನ್ ಧಾರಾವಾಹಿಯಲ್ಲಿ ಕಾಣಿಸಿಕೊಂಡದ್ದೇ ತಡ, ಹಳ್ಳಿಯವರಿಗೆ ತಮ್ಮ ರಸ್ತೆಯಲ್ಲೇ ನಡೆಯಲಾಗದಂತಾಯಿತು. ಈಗ ಆ ಕಟ್ಟೆಗೆ ಗೇಟು ಇಟ್ಟು 5 ಫ್ರಾಂಕ್ ತೆಗೆದುಕೊಳ್ಳುತ್ತಾರೆ.

ಇಲ್ಲಿ ನಿಮ್ಮ ಪ್ರವಾಸಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. ಒಬ್ಬ ಊರಿನವನು ನಿಮ್ಮನ್ನು ಹೇಗೆ ಕಾಣುತ್ತಾನೆ ಎನ್ನುವುದು, ಆ ದಿನ ಆ ರಸ್ತೆಯಲ್ಲಿ ನಿಮ್ಮ ಮುಂದೆ ಎಷ್ಟು ಸಾವಿರ ಜನ ಅದೇ ಪ್ರಶ್ನೆ ಕೇಳಿ ಹೋಗಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದು ಅಷ್ಟು ಮುಖ್ಯವಲ್ಲ. ಐಫೆಲ್ ಗೋಪುರದ ಬುಡದ ಕೆಫೆಗೆ ನೀವು ಮತ್ತೆ ಬರುವವರಲ್ಲ ಎಂದು ಮಾಲೀಕನಿಗೆ ಗೊತ್ತು. 12ನೇ ಅಥವಾ 14ನೇ ಅರೋಂದಿಸ್ಮಾಂನ (ಪ್ಯಾರಿಸ್‌ನ ವಾರ್ಡಿಗೆ ಹೀಗೆನ್ನುತ್ತಾರೆ) ಮೂಲೆಯ ಬೇಕರಿಯಲ್ಲಿ ಮೂರನೆಯ ಬೆಳಿಗ್ಗೆಗೇ ನಿಮ್ಮ ಗುರುತು ಹತ್ತಿರುತ್ತದೆ. ಹಾಗಾಗಿ ಪ್ಯಾರಿಸ್‌ನಲ್ಲಿ ಜನ ಬದುಕುವ ಬಡಾವಣೆಯಲ್ಲಿ, ಮೆಟ್ರೊಗೆ ಐದು ನಿಮಿಷದೊಳಗಿನ, ಲಿಫ್ಟ್ ಇರುವ ಸಣ್ಣ ಹೋಟೆಲ್ ಹಿಡಿಯಿರಿ. ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಹಳೆಯ ಕಟ್ಟಡಗಳಲ್ಲಿ ಇರುವುದಿಲ್ಲ, ಮೊಣಕಾಲು ನೋವಿನವರು ಒದ್ದಾಡುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ಇಂಟರ್‌ಲಾಕನ್, ಲೌಟರ್‌ಬ್ರುನನ್ ಬದಲು ತುನ್ ಅಥವಾ ಶ್ಪೀಟ್ಸ್ ನೋಡಿ. ಅದೇ ಸರೋವರ, ಅದೇ ಬೆಟ್ಟಗಳು, ಯುಂಗ್‌ಫ್ರೌ ಶಿಖರದ ಕಡೆಯ ರೈಲುಗಳಿಗೂ ಹತ್ತಿರ. ಆರು ರಾತ್ರಿಯೂ ಒಂದೇ ಕಡೆ ಅಥವಾ ಲುಸರ್ನ್ ಸೇರಿಸಿ ಎರಡು ಕಡೆ ಇರಿ, ಅದಕ್ಕಿಂತ ಹೆಚ್ಚು ಬೇಡ.

ತಿಂಗಳ ವಿಷಯ. ಮೇ ತಿಂಗಳಲ್ಲಿ ಫ್ರಾನ್ಸ್‌ಗೆ 1ನೇ ಮತ್ತು 8ನೇ ತಾರೀಕು ರಜೆ, ಹೆಚ್ಚಿನ ವರ್ಷ ಕ್ರೈಸ್ತ ಹಬ್ಬದ ರಜೆಗಳೂ ಅದೇ ತಿಂಗಳಲ್ಲಿ ಬೀಳುತ್ತವೆ. ಹಬ್ಬದ ರಜೆಗೂ ವಾರಾಂತ್ಯಕ್ಕೂ ನಡುವಿನ ದಿನಕ್ಕೆ ಜನ ‘ಸೇತುವೆ’ ರಜೆ ಹಾಕಿ ಹೊರಡುತ್ತಾರೆ, ರೈಲು ಹೋಟೆಲುಗಳು ತುಂಬುತ್ತವೆ. ನಮ್ಮ ಶಾಲಾ ರಜೆಯ ಗ್ರೂಪ್ ಟೂರುಗಳೂ ಅದೇ ಹೊತ್ತಿಗೆ. ನಿವೃತ್ತರಾದ ನಿಮಗೆ ಶಾಲಾ ರಜೆಯ ಹಂಗಿಲ್ಲ. ಗೌರಿ ಗಣೇಶ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಟರೆ ಹವೆ ಹಿತ, ಜನ ಕಡಿಮೆ, ಮೈಸೂರಿನ ದಸರೆಗೆ ವಾಪಸು ಬಂದಿರುತ್ತೀರಿ. ಆಗಸ್ಟ್ ಬೇಡ, ಪ್ಯಾರಿಸ್‌ನವರೇ ಊರು ಬಿಟ್ಟು ಹೋಗಿರುತ್ತಾರೆ. ಅಕ್ಟೋಬರ್ ಕೊನೆಯಿಂದ ಬೆಟ್ಟದ ರೈಲು, ಕೇಬಲ್ ಕಾರುಗಳು ಒಂದೊಂದಾಗಿ ದುರಸ್ತಿಗೆ ನಿಲ್ಲುತ್ತವೆ.

ನಿಜವಾದ ತಾರತಮ್ಯ, ನಿಜವಾದ ಅಪಾಯ

ಇಷ್ಟೆಲ್ಲ ಹೇಳಿದ ಮೇಲೂ ಬಣ್ಣ ನೋಡಿ ನಡೆದುಕೊಳ್ಳುವವರು ಇಲ್ಲವೆಂದಲ್ಲ. ಖಾಲಿ ಟೇಬಲ್ ಇದ್ದರೂ ಬಾಗಿಲ ಬಳಿಯದೇ ಕೊಡುವುದು, ಅಂಗಡಿಯಲ್ಲಿ ಕಾವಲಿನವನು ಹಿಂದೆ ಹಿಂದೆ ಬರುವುದು ಇವೆಲ್ಲ ಆಗುತ್ತವೆ. ಬೊಂಝೂರ್ ಅಂದರೂ ಹೀಗೆಯೇ ಇದ್ದರೆ ತಪ್ಪು ನಿಮ್ಮದೆಂದು ಹುಡುಕುತ್ತಾ ಕೂರಬೇಡಿ. ಸಣ್ಣದಾದರೆ ಎದ್ದು ಬನ್ನಿ, ಪಕ್ಕದ ಅಂಗಡಿಗೆ ಹೋಗಿ. ಹುಟ್ಟು, ಬಣ್ಣ, ಧರ್ಮದ ಕಾರಣಕ್ಕೆ ಸೇವೆ ನಿರಾಕರಿಸುವುದು ಫ್ರಾನ್ಸ್‌ನಲ್ಲೂ ಸ್ವಿಟ್ಜರ್ಲೆಂಡ್‌ನಲ್ಲೂ ದಂಡಸಂಹಿತೆಯ ಅಪರಾಧ, ಫ್ರಾನ್ಸ್‌ನಲ್ಲಿ ಅಂಗಡಿ, ಹೋಟೆಲಿನಂಥ ಸಾರ್ವಜನಿಕ ಜಾಗದಲ್ಲಾದರೆ ಐದು ವರ್ಷದವರೆಗೆ ಜೈಲು ಮತ್ತು 75,000 ಯೂರೊವರೆಗೆ ದಂಡವಿದೆ. ಬುಕಿಂಗ್ ಇದ್ದರೂ ಹೋಟೆಲು ಕೋಣೆ ಕೊಡದಿದ್ದಂಥ ಸಂದರ್ಭದಲ್ಲಿ ನಿರಾಕರಣೆಯನ್ನು ಬರಹದಲ್ಲಿ ಕೇಳಿ, ಸಮಯ ಮತ್ತು ಹೆಸರು ಬರೆದುಕೊಳ್ಳಿ, ಬುಕಿಂಗ್ ಸಂಸ್ಥೆಗೆ ಅಲ್ಲಿಂದಲೇ ಫೋನ್ ಮಾಡಿ. ಪ್ರವಾಸದ ನಡುವೆ ಮೊಕದ್ದಮೆ ಹೂಡುವುದು ಕಷ್ಟ, ಆದರೆ ಬರಹದ ಮಾತು ಬಂದ ಕೂಡಲೇ ಹಲವರ ಧಾಟಿ ಬದಲಾಗುತ್ತದೆ.

ನಿಮ್ಮಂಥವರಿಗೆ ಪ್ಯಾರಿಸ್‌ನಲ್ಲಿ ಸಿಡುಕುವವರಿಗಿಂತ ನಗುನಗುತ್ತಾ ಮಾತಾಡಿಸುವವರೇ ಹೆಚ್ಚು ಅಪಾಯ. ದಾರಿಯಲ್ಲಿ ಚಿನ್ನದ ಉಂಗುರ ಬಿದ್ದಿತ್ತು, ನಿಮ್ಮದೇ ಎನ್ನುವವರು. ಕಿವುಡರ ಸಂಘಕ್ಕೆ ಸಹಿ ಹಾಕಿ ಎಂದು ರಟ್ಟು ಹಿಡಿದು ಬರುವವರು. ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬಳಿ ಕೈಗೆ ದಾರ ಕಟ್ಟಿ ದುಡ್ಡು ಕೇಳುವವರು. ಕೈ ಜೇಬಿನಲ್ಲಿಟ್ಟುಕೊಂಡು ‘ನೋ, ಮೆರ್ಸಿ’ ಎಂದು ನಡೆಯುತ್ತಾ ಇರಿ, ನಿಲ್ಲಬೇಡಿ. ಮೆಟ್ರೊ ಒಂದನೇ ಲೈನಿನಲ್ಲಿ ಬಾಗಿಲು ಮುಚ್ಚುವ ಕ್ಷಣಕ್ಕೆ ಫೋನ್ ಕಸಿದು ಇಳಿಯುವವರಿದ್ದಾರೆ, ಬಾಗಿಲ ಬಳಿ ಫೋನ್ ತೆಗೆಯಬೇಡಿ. ಮನೆಯವರಿಗೆ ಹೇಳಿ, ದಪ್ಪ ಮಾಂಗಲ್ಯದ ಸರ ಊರಿನ ಲಾಕರಿನಲ್ಲಿರಲಿ, ತೆಳ್ಳನೆಯ ಕರಿಮಣಿ ಸಾಕು, ಅದೂ ಸೆರಗಿನೊಳಗೆ. ಕಳವಾದರೆ ಅದೇ ದಿನ ಪೊಲೀಸ್ ಠಾಣೆಯಲ್ಲಿ ‘ಪ್ಲ್ಯಾಂತ್’ ಎಂಬ ದೂರು ಬರೆಸಿ ಪ್ರತಿ ಪಡೆಯಿರಿ. ಅದಿಲ್ಲದೆ ವಿಮೆ ಸಿಗುವುದಿಲ್ಲ, ಪಾಸ್‌ಪೋರ್ಟ್ ಹೋಗಿದ್ದರೆ ರಾಯಭಾರ ಕಚೇರಿಯೂ ಅದನ್ನೇ ಕೇಳುತ್ತದೆ. ತುರ್ತು ಸಂಖ್ಯೆ ಎರಡೂ ದೇಶದಲ್ಲಿ 112.

ಗ್ರೂಪ್ ಟೂರೋ, ಸ್ವಂತವೋ?

ಗ್ರೂಪ್ ಟೂರಿನ ಅನುಕೂಲ ನಿಮ್ಮ ಮಗ ಹೇಳಿದ ಹಾಗೆ ನಿಜವೇ: ವೀಸಾ ಕಾಗದ ಅವರೇ ಜೋಡಿಸುತ್ತಾರೆ, ರಾತ್ರಿ ಅನ್ನ ಸಾರು ಸಿಗುತ್ತದೆ, ಕಾಯಿಲೆ ಬಿದ್ದರೆ ಒಬ್ಬ ಮ್ಯಾನೇಜರ್ ಇರುತ್ತಾನೆ. ಆದರೆ ನೀವು ಅಂಜುವ ಅನುಭವಗಳು ಹೆಚ್ಚು ಆಗುವುದೂ ಅಲ್ಲಿಯೇ. ನಲವತ್ತೈವತ್ತು ಜನ ಒಟ್ಟಿಗೆ ನುಗ್ಗಿದರೆ ಯಾವ ಅಂಗಡಿಯವರೂ ಒಬ್ಬೊಬ್ಬರನ್ನು ಮಾತಾಡಿಸಲಾರರು. ಹೋಟೆಲು ನಗರದ ಹೊರವಲಯದಲ್ಲಿ ಇರುತ್ತದೆ, ಊರಿನವರು ಎಂದರೆ ಹೆದ್ದಾರಿಯ ಶೌಚಾಲಯದಲ್ಲಿ ದುಡ್ಡು ಕೇಳುವವರು ಮಾತ್ರ. ಇನ್ನು ಕೋಚ್ ಡ್ರೈವರ್ ಮೇಲಿನ ದೂರುಗಳಿಗೆ ಲೆಕ್ಕವಿಲ್ಲ. ಯುರೋಪಿನ ನಿಯಮದಂತೆ ಆತ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ದಿನಕ್ಕೆ ಒಟ್ಟು 9 ಗಂಟೆ ಮಾತ್ರ ಓಡಿಸಬೇಕು, ವಾರದಲ್ಲಿ ಎರಡು ದಿನ ಮಾತ್ರ 10. ಬಸ್ಸಿನ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ. ಶಾಪಿಂಗ್‌ನಲ್ಲಿ ಅರ್ಧ ಗಂಟೆ ತಡವಾದರೆ ಆತ ಕೂಗಾಡುವುದು ಅವನ ಲೈಸೆನ್ಸಿನ ಭಯದಿಂದ. ಐದು ದೇಶ ಹತ್ತು ದಿನ ಎಂದರೆ ಇದೇ ಓಟ ದಿನಾ.

ಪೂರ್ತಿ ಸ್ವಂತವಾಗಿ ಹೋಗುವುದರಲ್ಲಿ ರಿಸ್ಕ್ ಬೇರೆ ಥರದ್ದು. ರೈಲು ತಪ್ಪಿದರೆ, ಜ್ವರ ಬಂದರೆ ನೀವೇ ನೋಡಿಕೊಳ್ಳಬೇಕು. ಅಗ್ಗದ ರೈಲು ಟಿಕೆಟ್ ಅದೇ ರೈಲಿಗೆ ಮಾತ್ರ ಸಲ್ಲುತ್ತದೆ, ಹಿಂದಿನದಕ್ಕೂ ಮುಂದಿನದಕ್ಕೂ ಹತ್ತಿದರೆ ದಂಡ. ನಿಮ್ಮಿಬ್ಬರಿಗೆ ನಾನು ಹೇಳುವುದು ನಡುವಿನ ದಾರಿ. ವಿಮಾನ, ವೀಸಾ, ಎರಡು ಮೂರು ಹೋಟೆಲು, ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್‌ಗೆ ರೈಲು ಇಷ್ಟನ್ನು ಒಬ್ಬ ಏಜೆಂಟರಿಂದ ಮಾಡಿಸಿ, ಉಳಿದ ದಿನಗಳನ್ನು ನೀವೇ ಕಳೆಯಿರಿ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ, ವಾಪಸು ಜ್ಯೂರಿಕ್‌ನಿಂದ ಹತ್ತಿದರೆ ಹಿಂದಕ್ಕೆ ಓಡುವುದು ತಪ್ಪುತ್ತದೆ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಬಾಸೆಲ್‌ಗೆ ಸುಮಾರು ಮೂರು ಗಂಟೆ. ತಿಂಗಳುಗಟ್ಟಲೆ ಮೊದಲೇ ತೆಗೆದರೆ ಟಿಕೆಟ್ ಅಗ್ಗ. ಸ್ವಿಸ್ ಹೋಟೆಲಿನಲ್ಲಿ ಇಳಿದ ಕೂಡಲೇ ಗೆಸ್ಟ್ ಕಾರ್ಡ್ ಕೇಳಿ ಪಡೆಯಿರಿ, ಹಲವು ಊರುಗಳಲ್ಲಿ ಅದರಿಂದ ಸ್ಥಳೀಯ ಬಸ್ ಪುಕ್ಕಟೆ.

ಊಟದ್ದು ಬೇಗ ಹೇಳಿಬಿಡುತ್ತೇನೆ. ಪ್ಯಾರಿಸ್‌ನಲ್ಲಿ ಗಾರ್ ದ್ಯು ನೋರ್ ಹಿಂದಿನ ಲಾ ಶಾಪೆಲ್ ಬಡಾವಣೆ ಶ್ರೀಲಂಕಾ ತಮಿಳರದ್ದು, ಇಡ್ಲಿ ದೋಸೆ ಸಿಗುತ್ತದೆ. ಜ್ಯೂರಿಕ್‌ನ ಹಿಲ್ಟ್ಲ್ 1898ರಿಂದ ನಡೆದು ಬಂದಿರುವ ಸಸ್ಯಾಹಾರಿ ಹೋಟೆಲು. ಬೇರೆ ಕಡೆ ‘ಸಾಂ ವ್ಯಾಂದ್, ಸಾಂ ಪ್ವಾಸೋಂ’, ಮಾಂಸ ಮೀನು ಬೇಡ ಎಂದು ಹೇಳಿ. ಆದರೂ ಈರುಳ್ಳಿ ಸೂಪಿನಲ್ಲಿ ಗೋಮಾಂಸದ ಸಾರು, ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಯ ಚೂರು, ಗ್ರುಯೇರ್ ಚೀಸ್‌ನಲ್ಲಿ ಕರುವಿನ ಜಠರದ ಹೆಪ್ಪು ಇರಬಹುದು. ಚೀಸ್ ಫಾಂಡ್ಯೂನಲ್ಲಿ ವೈನ್ ಹಾಕುತ್ತಾರೆ. ಊರಿನಿಂದ ಚಟ್ನಿಪುಡಿ, ಗೊಜ್ಜವಲಕ್ಕಿ, ಬಿಸಿನೀರು ಹಾಕುವ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ. ತುಪ್ಪ, ಪೇಡ, ಹಸಿ ಕರಿಬೇವು ಒಯ್ಯಬೇಡಿ: ಹಾಲಿನ ಪದಾರ್ಥ ಮತ್ತು ಹಸಿ ಸೊಪ್ಪಿಗೆ ಯುರೋಪಿನ ಕಸ್ಟಮ್ಸ್‌ನಲ್ಲಿ ತಡೆಯಿದೆ. ಕೋಣೆಯಲ್ಲಿ ಇಂಡಕ್ಷನ್ ಒಲೆ ಹಚ್ಚಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿ, ಅಗ್ನಿಶಾಮಕದವರು ಬಂದರೆ ಅದರ ಖರ್ಚು ನಿಮ್ಮ ಬಿಲ್ಲಿಗೆ. ಅಡುಗೆ ಮಾಡಲೇಬೇಕೆಂದರೆ ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ. ಸ್ವಿಟ್ಜರ್ಲೆಂಡ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ಹಾಲು ಮೊಸರು ಶನಿವಾರವೇ ತಂದಿಡಿ.

ಕೊನೆಗೆ ವೀಸಾ, ಏಕೆಂದರೆ ಹಲವರು ಎಡವುವುದು ಇಲ್ಲೇ. ಮೊದಲು ಇಳಿಯುವುದು ಪ್ಯಾರಿಸ್‌ನಲ್ಲಿ ಎಂದು ಫ್ರಾನ್ಸ್‌ಗೆ ಅರ್ಜಿ ಹಾಕಬೇಡಿ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಹಾಕಬೇಕು, ನಿಮ್ಮದು ನಾಲ್ಕಕ್ಕೆ ಆರು, ಆದ್ದರಿಂದ ಸ್ವಿಟ್ಜರ್ಲೆಂಡ್‌ಗೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಲೇಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ದಿನಾಂಕವೇ ಸಿಗುವುದಿಲ್ಲ, ಸೆಪ್ಟೆಂಬರ್ ಪ್ರವಾಸಕ್ಕೆ ಮೇ ಹೊತ್ತಿಗೇ ಸಮಯ ಕಾದಿರಿಸಿ. ಶುಲ್ಕ 90 ಯೂರೊ, ನಿರಾಕರಿಸಿದರೂ ವಾಪಸಿಲ್ಲ, ಆದ್ದರಿಂದ ವೀಸಾ ಬರುವವರೆಗೆ ರದ್ದುಮಾಡಬಹುದಾದ ಹೋಟೆಲನ್ನೇ ಹಿಡಿಯಿರಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಬಚ್ಚಿಡದೆ ನಮೂದಿಸಿ, ಇಲ್ಲವಾದರೆ ಆಸ್ಪತ್ರೆ ಖರ್ಚು ಕೊಡುವುದಿಲ್ಲ. ಪ್ಯಾರಿಸ್‌ನಲ್ಲಿ ಇಳಿದಾಗ ಗಡಿಯ ಕೌಂಟರಿನಲ್ಲಿ ಫೋಟೊ ತೆಗೆದು, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡುತ್ತಾರೆ. 2025ರ ಅಕ್ಟೋಬರ್‌ನಿಂದ ಶುರುವಾದ ಈ ವ್ಯವಸ್ಥೆ ಯುರೋಪಿನ ಹೊರಗಿನ ಎಲ್ಲರಿಗೂ ಇದೆ, ನಿಮ್ಮ ಮೇಲಿನ ಅನುಮಾನದಿಂದಲ್ಲ. ಹೋಟೆಲ್ ಬುಕಿಂಗ್, ವಾಪಸಿನ ಟಿಕೆಟ್, ವಿಮೆ ಮೂರನ್ನೂ ಮುದ್ರಿಸಿ ಕೈಚೀಲದಲ್ಲಿಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಬೇಡಿ. ಅಲ್ಲಿಯೂ ಮೊದಲು ಬೊಂಝೂರ್ ಹೇಳಿ, ಆಮೇಲೆ ಪಾಸ್‌ಪೋರ್ಟ್ ಮುಂದಿಡಿ.